ಬಾಗಿಲಲ್ಲಿ ನಿಂತಿದ್ದವಳು ನಿನ್ನ ಅಕ್ಕ

ಕಸ್ತೂರೆವ್ವ, ನಿನ್ನ ಅಕ್ಕ ನಿನ್ನನ್ನು ಹುಡುಕಿಕೊಂಡು ಬಂದಿದ್ದಳು. ನಾನು ಅವಳನ್ನು ಬಾಗಿಲಿಂದಲೇ ಹಿಂದಕ್ಕೆ ಕಳಿಸಿದೆ. ನೀನು ಇಲ್ಲಿ ಇಲ್ಲ ಎಂದೆ — ನೀನು ಹತ್ತು ಹೆಜ್ಜೆ ಆಚೆ, ಅಡುಗೆಮನೆಯಲ್ಲಿ ರೊಟ್ಟಿ ಬಡಿಯುತ್ತಿದ್ದೆ.

ಇಷ್ಟು ಬರೆಯಲು ನನಗೆ ಆರು ವರ್ಷ ಹಿಡಿಯಿತು.

ನೀನು ಬೆಳಗಾವಿ ಕೋಟೆಯ ಹತ್ತಿರದ ಆ ಆಶ್ರಯ ಮನೆಗೆ ಬಂದಾಗ ನಾನು ಅಲ್ಲಿಯ ಮೇಲ್ವಿಚಾರಕಿ. ನಿನ್ನ ಗಂಡ ರಾಮತೀರ್ಥ ನಗರ ಬಡಾವಣೆಯಲ್ಲಿ ಕಟ್ಟುತ್ತಿದ್ದ ಮನೆಗಳಿಗೆ ಕಾವಲಿದ್ದ. ಅರೆಬರೆ ಗೋಡೆಗಳ ಪಕ್ಕದ ತಗಡಿನ ಶೆಡ್ಡೇ ನಿಮ್ಮ ಸಂಸಾರ. ಅವನು ತೀರಿಕೊಂಡ. ಮನೆ ಮುಗಿಯಿತು, ಗೃಹಪ್ರವೇಶದ ಹಿಂದಿನ ದಿನ ಶೆಡ್ಡು ಕಿತ್ತರು. ನೀನು ಬಸ್ ನಿಲ್ದಾಣ ಸೇರಿದೆ. ಫೋನು ಅಲ್ಲೇ ಕಳೆಯಿತು, ಅಕ್ಕನ ನಂಬರೂ ಅದರ ಜೊತೆಗೇ ಹೋಯಿತು.

ನಮ್ಮಲ್ಲಿ ಒಂದು ಪದ್ಧತಿಯಿತ್ತು. ಬಂದವರ ಊರು ಕೇಳಿ ಅಲ್ಲಿಯ ಪಂಚಾಯ್ತಿಗೆ ಕಾಗದ ಹಾಕುವುದು. ಉತ್ತರ ಬರದಿದ್ದರೆ ನಮ್ಮವರೇ ಹೋಗಿ ವಿಚಾರಿಸುವುದು. ನೀನು ಖಾನಾಪುರ ತಾಲ್ಲೂಕಿನ ಪಾರಿಶ್ವಾಡ ಎಂದೆ; ಅವರಾಗಿ ಕರೆಯದೆ ಬರಿಗೈಲಿ ತವರಿಗೆ ಹೋಗಲಾರೆ ಎಂದೂ ಹೇಳಿದೆ. ಕಾಗದ ಹಾಕಿದವಳು ನಾನೇ. ಅಲ್ಲಿಯವರೆಗೆ ನಾನು ಒಳ್ಳೆಯವಳೇ.

ಆಮೇಲೆ ನೀನು ಜೋಳದ ಹಿಟ್ಟು ಕೇಳಿದೆ. ಆಗ ನಮ್ಮಲ್ಲಿಗೆ ಹೊರಗಿನಿಂದ ಬರುತ್ತಿದ್ದದ್ದು ತಣ್ಣನೆಯ ಅನ್ನ, ನೀರು ಸಾರು. ಹೆಂಗಸರು ಗೋಡೆಗೆ ಮುಖ ಮಾಡಿ ಮಲಗಿರುತ್ತಿದ್ದರು, ಊಟಕ್ಕೆ ಎಬ್ಬಿಸಬೇಕಾಗುತ್ತಿತ್ತು. ನಿನ್ನ ರೊಟ್ಟಿಯ ಸದ್ದಿಗೆ ಒಬ್ಬೊಬ್ಬರೇ ಎದ್ದು ಬಂದರು. ತಿಂಗಳಿಂದ ಬಾಯಿ ಬಿಡದಿದ್ದ ಮುದುಕಿಯೊಬ್ಬಳು 'ರೊಟ್ಟಿಗೆ ಹಚ್ಚಿಕೊಳ್ಳಾಕ ಶೇಂಗಾ ಹಿಂಡಿ ಇಲ್ಲೇನ' ಎಂದು ಕೇಳಿದಳು — ನಾವೆಲ್ಲ ಕೈಲಿದ್ದ ಕೆಲಸ ಬಿಟ್ಟು ನಿಂತೆವು. ನೋಡಲು ಬಂದ ಅಧಿಕಾರಿಗಳು ನನ್ನನ್ನು ಹೊಗಳಿದರು. ನಾನು ಹೊಗಳಿಸಿಕೊಂಡೆ.

ಇನ್ನೊಂದನ್ನೂ ಹೇಳಬೇಕು. ದಿನಾ ನಾಲ್ಕು ರೊಟ್ಟಿ ನನ್ನ ಡಬ್ಬಿಯಲ್ಲಿ ನನ್ನ ಮನೆಗೆ ಹೋಗುತ್ತಿದ್ದವು. ಇದನ್ನು ಬಿಟ್ಟುಬಿಡೋಣ ಎಂದುಕೊಂಡಿದ್ದೆ. ಆದರೆ ಅರ್ಧ ಹೇಳಿ ಅರ್ಧ ನುಂಗುವುದರಲ್ಲಿ ನಾನು ಪಳಗಿದವಳು. ಈ ಸಲ ಬೇಡ.

ನಿನ್ನ ಅಕ್ಕ ಪಾರಿಶ್ವಾಡ ಬಿಟ್ಟು ಖಾನಾಪುರ ಪೇಟೆಗೆ ಬಂದು ವರ್ಷವಾಗಿತ್ತಂತೆ. ಅದಕ್ಕೇ ಕಾಗದ ಅವಳ ಕೈಗೆ ತಡವಾಗಿ ಸಿಕ್ಕಿತ್ತು. ಓದಿಸಿಕೊಂಡವಳೇ ಬಸ್ಸು ಹತ್ತಿದ್ದಾಳೆ. ಬಿಸಿಲಲ್ಲಿ ನಡೆದು ಬಂದ ಮುಖ, ಕೈಯಲ್ಲೊಂದು ಗಂಟು. ನಿನ್ನ ಹೆಸರು ಹೇಳಿದಳು. "ನಮ್ಮವ್ವ ಹಾಸಿಗಿ ಹಿಡದಾಳ್ರಿ. ದಿನಾ ಆಕೀನ್ನ ಕೇಳಾಕತ್ತಾಳ," ಎಂದಳು.

ಒಂದು ಕ್ಷಣ — ಖರೇ ಹೇಳುತ್ತೇನೆ, ಒಂದೇ ಕ್ಷಣ — ನನ್ನ ಕಣ್ಣ ಮುಂದೆ ಬಂದದ್ದು ನಿಮ್ಮವ್ವನ ಹಾಸಿಗೆಯಲ್ಲ, ಆ ತಣ್ಣನೆಯ ಅನ್ನ. ಬೇರೆ ಅಡುಗೆಯವಳು ಸಿಗುವವರೆಗೆ, ಬರೀ ಒಂದು ವಾರ...

"ಆಕಿ ಈಗ ಇಲ್ಲಿಲ್ರೀ. ಕಾಗದ ಹಾಕಿದ ಮ್ಯಾಲ ಎದ್ದು ಹೋದ್ಲು," ಎಂದೆ.

ಅವಳು ಹೋಗಲಿಲ್ಲ. ಕಿವಿಗೊಟ್ಟು ನಿಂತಳು. ಒಳಗಿಂದ ನಿನ್ನ ಸದ್ದು — ಎರಡು ಬಡಿತ ಜೋರು, ಮೂರನೆಯದು ಮೆಲ್ಲಗೆ.

"ಬಾಯಾರ, ಒಳಗ ರೊಟ್ಟಿ ಬಡ್ಯಾಕಿ ಯಾರ್ರಿ? ನಮ್ಮವ್ವ ಹಿಂಗ ಬಡೀತಿದ್ಲು."

"ಅಡಗಿ ಮಾಡಾಕಿರಿ. ಗೋಕಾಕ ಕಡ್ಯಾಕಿ."

ಎಷ್ಟು ಸಲೀಸಾಗಿ ಬಂತು ಆ ಗೋಕಾಕ! ಅವಳು ಒಂದು ಚೀಟಿಯಲ್ಲಿ ನಂಬರು ಬರೆಸಿ ಕೊಟ್ಟಳು. ಗಂಟನ್ನೂ ಕೊಟ್ಟಳು: "ಆಕಿ ಇಲ್ಲಂದ್ರ ಇರಲಿ, ಇದ್ದವರರೆ ತಿನ್ಲಿ." ಶೇಂಗಾ ಹೋಳಿಗೆ. ಆ ಮಧ್ಯಾಹ್ನ ಎಲ್ಲರಿಗೂ ಹಂಚಿದೆ, ನಿನಗೂ. ನೀನು ಒಂದು ತುಂಡು ಬಾಯಿಗಿಟ್ಟು, ಉಳಿದದ್ದನ್ನು ತಿರುಗಿಸಿ ನೋಡಿದೆ. "ನಮ್ಮನಿ ರುಚಿ ಐತ್ರಿ ಇದು. ಯಾರ ಕೊಟ್ಟಾರ?" ಎಂದೆ. ಯಾರೋ ದಾನಿಗಳು ಎಂದೆ ನಾನು.

ವಾರ ಕಳೆಯಿತು. ಬೇರೆ ಅಡುಗೆಯವಳನ್ನು ನಾನು ಹುಡುಕಲೇ ಇಲ್ಲ. ತಡವಾದಷ್ಟೂ ಹೇಳುವುದು ಕಷ್ಟವಾಯಿತು — ಯಾಕೆ ತಡ ಎಂದು ನೀನು ಕೇಳಿದರೆ? ಪ್ರತಿ ಸೋಮವಾರ ಅಂಚೆ ಬಂದ ಮೇಲೆ ನೀನು ಕೈ ಒರೆಸಿಕೊಳ್ಳುತ್ತ ಬಂದು, "ನಮ್ಮಕ್ಕನ ಕಡಿಂದ ಏನರೆ ಸುದ್ದಿ ಬಂತೇನ್ರಿ ಬಾಯಾರ?" ಎನ್ನುತ್ತಿದ್ದೆ. ಇನ್ನೂ ಇಲ್ಲ ಎನ್ನುತ್ತಿದ್ದೆ. ಚೀಟಿ ನನ್ನ ಪರ್ಸಿನಲ್ಲಿತ್ತು. ಬೇಲಿಯೇ ಎದ್ದು ಹೊಲ ಮೇಯ್ದಂತೆ ಎಂದು ಬೇರೆಯವರ ಬಗ್ಗೆ ಎಷ್ಟು ಸಲ ಆಡಿದ್ದೇನೋ ನಾನು.

ಏಳು ತಿಂಗಳಾದ ಮೇಲೆ ನಮ್ಮಲ್ಲಿಗೆ ಹೊಸ ಆಪ್ತ ಸಮಾಲೋಚಕಿ ಬಂದಳು. ನಾನು ಹಾಕಿದ್ದ ಕಾಗದದ ಪ್ರತಿ ತೆಗೆದು, ಉತ್ತರ ಬಂದಿಲ್ಲವೆಂದು ನೋಡಿ, ಪದ್ಧತಿಯಂತೆ ತಾನೇ ಪಾರಿಶ್ವಾಡಕ್ಕೆ ಹೋದಳು. ಮೂರು ದಿನದಲ್ಲಿ ನಿನ್ನ ಅಕ್ಕ ಅದೇ ಬಾಗಿಲಲ್ಲಿದ್ದಳು. ನೀವಿಬ್ಬರೂ ಅಪ್ಪಿಕೊಂಡು ಅತ್ತಿರಿ. ನಿಮ್ಮವ್ವ ಮಣ್ಣಾಗಿ ಎರಡು ತಿಂಗಳಾಗಿತ್ತು. ನಿನ್ನ ಭುಜದ ಮೇಲಿಂದ ಅಕ್ಕ ನನ್ನನ್ನು ನೋಡಿದಳು. ಗುರುತು ಹಿಡಿದಳು. ನಿನ್ನನ್ನು ಇನ್ನೂ ಬಿಗಿಯಾಗಿ ಅಪ್ಪಿಕೊಂಡಳು.

ಮುಂದಿನದೆಲ್ಲ ಒಳ್ಳೆಯದೇ ಆಯಿತು, ನನ್ನಿಂದಲ್ಲ. ಆ ಸಮಾಲೋಚಕಿ ಹುಡುಗಿ ಓಡಾಡಿ ನಿನಗೆ ರೇಷನ್ ಕಾರ್ಡು, ವಿಧವಾ ವೇತನ ಮಾಡಿಸಿದಳು; ಖಾನಾಪುರದಲ್ಲಿ ಅಕ್ಕನ ಮನೆಯ ಹಿಂದೆಯೇ ಬಾಡಿಗೆಗೆ ಒಂದು ಖೋಲಿ ಹಿಡಿದುಕೊಟ್ಟಳು. ಮಹಿಳಾ ಸಂಘದವರು ಒಲೆ, ರೊಟ್ಟಿ ಹಂಚು ಕೊಡಿಸಿದರು. ಈಗ ಮದುವೆ ಮನೆಗಳಿಗೆ ನಿನ್ನ ರೊಟ್ಟಿಯೇ ಬೇಕು. ನಾನು ನಿನ್ನ ಮನೆಗೆ ಬಂದಾಗಲೆಲ್ಲ ಅಲ್ಲಿದ್ದವರಿಗೆ ನೀನು ಹೇಳುವುದು ಒಂದೇ: "ಈ ಬಾಯಾರು ನನ್ನ ಜೀವಾ ಉಳಿಸ್ಯಾರ." ನಾನು ತಲೆ ತಗ್ಗಿಸುತ್ತೇನೆ, ಜನ ಅದನ್ನು ವಿನಯ ಎಂದುಕೊಳ್ಳುತ್ತಾರೆ.

ಹೋದ ತಿಂಗಳು ನಾನು ಬಂದಾಗ ನೀನು ರೊಟ್ಟಿ ಕೊಡಲು ಹೋಗಿದ್ದೆ. ಅಕ್ಕ ಒಬ್ಬಳೇ ಇದ್ದಳು. ಚಹಾ ಕೊಟ್ಟು, ಎದುರಿಗೆ ಕೂತು ಹೇಳಿದಳು: "ಆವತ್ತ ಬಾಗಿಲಾಗ ಕಂಡ ನಿಮ್ಮ ಮಾರಿ ನಾ ಮರ್ತಿಲ್ರಿ. ಆಕಿಗೆ ಹೇಳಿಲ್ಲ. ದಿನಾ ದೇವರ ಮುಂದ ನಿಮ್ಮ ಹೆಸರಿಲೆ ದೀಪಾ ಹಚ್ತಾಳ. ಅದನ್ನ ನಾ ಹೆಂಗ ಆರಿಸ್ಲಿ?"

ಆರಿಸಬೇಕಾದವಳು ನಾನೇ ಅಲ್ಲವೇ.

ನಿನಗೆ ಓದಲು ಬರುವುದಿಲ್ಲ, ಗೊತ್ತು. ನಾಳೆ ಬೆಳಗಿನ ಬಸ್ಸಿಗೆ ಬಂದು ನಾನೇ ಓದಿ ಹೇಳುತ್ತೇನೆ, ಅಕ್ಕನ ಎದುರಿಗೇ. ಆ ಚೀಟಿಯನ್ನೂ ತರುತ್ತೇನೆ. ಹೊಸ್ತಿಲಲ್ಲಿ ನನ್ನನ್ನು ಕಂಡ ಕೂಡಲೇ ನೀನು, "ಮೊದಲ ಉಣ್ಣಾಕ ಏಳ್ರಿ ಬಾಯಾರ," ಎನ್ನುತ್ತಿ. ನಾಳೆ ಮೊದಲು ಇದನ್ನು ಕೇಳಿಸಿಕೊ. ಆಮೇಲೆ ಕರೆಯದಿದ್ದರೆ, ಹಸಿದುಕೊಂಡೇ ಬಸ್ಸು ಹತ್ತುತ್ತೇನೆ.