ಹನುಮಂತರಾಯಪ್ಪನವರ ಪರವಾಗಿ ಉಸಿರೆಳೆದವನು

ಕಾಡುಗೋಡಿಯ ಹನುಮಂತರಾಯಪ್ಪನವರು ಮೈಮುರಿದು ದುಡಿದದ್ದು ಅವರ ರಾಗಿ ಹೊಲದಲ್ಲಿ ಬಾಡಿಗೆ ಮನೆಗಳು ಏಳುವವರೆಗೆ ಮಾತ್ರ. ಆಮೇಲೆ ನೀರಿನ ಮೋಟಾರು ಹಾಕುವುದಕ್ಕೆ ಒಬ್ಬ ಬಾಡಿಗೆದಾರ, ಬೆಸ್ಕಾಂ ಕಚೇರಿಗೆ ಅಲೆಯುವುದಕ್ಕೆ ಇನ್ನೊಬ್ಬ, ಮದುವೆಗಳಿಗೆ ಹೋಗಿ ಮುಯ್ಯಿ ಕೊಟ್ಟು ಬರುವುದಕ್ಕೆ ಮತ್ತೊಬ್ಬ. ಅವರದು ಬರೀ ಮೇಲ್ವಿಚಾರಣೆ.

ಹೋದ ಶ್ರಾವಣದಲ್ಲಿ ಅವರ ಬಲಗಡೆಯ ಶ್ವಾಸಕೋಶದಲ್ಲಿ ಗಂಟು ಕಾಣಿಸಿ, ಅಷ್ಟು ಭಾಗವನ್ನು ಕತ್ತರಿಸಿ ತೆಗೆದರು. ಗಂಟು ಕೆಟ್ಟದ್ದಲ್ಲವೆಂದು ವರದಿಯೂ ಬಂತು. ಮನೆಗೆ ಕಳಿಸುವಾಗ ಫಿಸಿಯೋಥೆರಪಿಯ ದಿವ್ಯಾ ಮೇಡಂ ಮೂರು ಚೆಂಡುಗಳಿರುವ ಪ್ಲಾಸ್ಟಿಕ್ ಡಬ್ಬಿಯೊಂದನ್ನೂ ದಿನದಿನದ ಲೆಕ್ಕ ಗುರುತಿಸಲು ಒಂದು ಪಟ್ಟಿಯನ್ನೂ ಕೊಟ್ಟರು. ಕೊಳವೆಯಲ್ಲಿ ಉಸಿರೆಳೆದರೆ ಚೆಂಡುಗಳು ಮೇಲೇಳಬೇಕು.

"ಎಚ್ಚರ ಇರೋವಾಗೆಲ್ಲ ಗಂಟೆಗೆ ಹತ್ತು ಸಲ ಸಾರ್. ದಿಂಬು ಎದೆಗೆ ಒತ್ಕೊಂಡು ಕೆಮ್ಮಿ, ಓಡಾಡಿ. ಇಲ್ಲಾಂದ್ರೆ ಕಫ ಕಟ್ಟಿ ನ್ಯುಮೋನಿಯಾ ಆಗಿ ವಾಪಸ್ ಇಲ್ಲಿಗೇ ಬರ್ತೀರ."

ಎಳೆದರೆ ಹೊಲಿಗೆ ಚುಚ್ಚುತ್ತಿತ್ತು. ಒಂದು ಚೆಂಡೂ ಅಲುಗಲಿಲ್ಲ. ಎರಡನೇ ದಿನ ಅವರು ಮಹಡಿ ಮೇಲಿನ ಚನಬಸಪ್ಪನನ್ನು ಕರೆಸಿದರು. ರಾಯಚೂರು ಕಡೆಯ ಗಾರೆ ಕೆಲಸದವನು. ಎದೆಯೋ, ಸಿಮೆಂಟ್ ಮೂಟೆ.

"ಲೇ ಚನಬಸಪ್ಪ, ಇದನ್ನ ವಸಿ ನೋಡ್ಕಳ್ಳಪ್ಪ. ನನ್ ಎಸ್ರಲ್ಲಿ ಅತ್ತು ಸಲ ಎಳಿ."

"ಆತ್ರೀ ಮಾಲಕ್ರ."

ಮೂರೂ ಚೆಂಡು ಟಕ್ಕನೆ ಮೇಲೆ. ಮಾಲೀಕರು ಪಟ್ಟಿಯಲ್ಲಿ ತಾವೇ ಟಿಕ್ ಹಾಕಿದರು. ಪೆನ್ನು ಹಿಡಿಯುವ ಕೆಲಸವನ್ನು ಅವರು ಯಾರಿಗೂ ಬಿಡುವವರಲ್ಲ.

ಐದನೇ ದಿನ ಜ್ವರ ಬಂತು. ಮನೆಗೆ ಬಂದ ದಿವ್ಯಾ ಪಟ್ಟಿ ನೋಡಿ ಮೆಚ್ಚಿದರು. ಬೆನ್ನಿಗೆ ಸ್ಟೆತಾಸ್ಕೋಪ್ ಇಟ್ಟು ಗಾಬರಿಯಾದರು.

"ದಿನಾ ಮೂರು ಚೆಂಡು ಅಂತ ಬರ್ದಿದೀರ, ಕೆಳಗಡೆ ಗಾಳೀನೇ ಹೋಗ್ತಿಲ್ವಲ್ಲ! ಎಲ್ಲಿ, ಎಳೀರಿ ನೋಡೋಣ."

"ಈಗ ಕೆಲ್ಸಕ್ಕೋಗವ್ನೆ ಕಣಮ್ಮ. ಸಂಜೆ ಬಂದು ಎಳೀತಾನೆ."

ಹೆಂಡತಿ ಚಿಕ್ಕಮುನಿಯಮ್ಮ ಹಣೆ ಚಚ್ಚಿಕೊಂಡರು. "ಆಪ್ರೇಸನ್ನೂ ಅವನ್ಗೇ ಮಾಡುಸ್ಬೇಕಾಗಿತ್ತು!"

ದಿವ್ಯಾ ನಗಲಿಲ್ಲ. ಡಾಕ್ಟರಿಗೆ ಫೋನ್ ಮಾಡಿ ಔಷಧಿ ಬರೆದುಕೊಂಡರು, ಹೊಸ ಡಬ್ಬಿ ತರಿಸಿದರು. "ಎರಡು ದಿನ ಟೈಮ್ ಸಾರ್. ಜ್ವರ ಇಳೀಲಿಲ್ಲ ಅಂದ್ರೆ ಅಡ್ಮಿಟ್. ಆಗ ಆಪರೇಷನ್ ಟೈಮಲ್ಲಿ ಹಾಕಿದ್ರಲ್ಲ, ಹಾಗೆ ಮತ್ತೆ ಎದೆಗೆ ಟ್ಯೂಬ್ ಹಾಕ್ಬೇಕಾಗ್ಬಹುದು."

ಟ್ಯೂಬ್ ಎಂದದ್ದೇ ತಡ, ಹನುಮಂತರಾಯಪ್ಪನವರು ದಿಂಬನ್ನು ಅಪ್ಪಿ ಕೂತರು. ಕಣ್ಣಲ್ಲಿ ನೀರು ಬರುವವರೆಗೆ ಕೆಮ್ಮಿದರು, ಎಳೆದರು, ಬೈದರು, ಮತ್ತೆ ಎಳೆದರು. ಚಿಕ್ಕಮುನಿಯಮ್ಮ ಎದುರಿಗೆ ಪರೀಕ್ಷಾ ಮೇಲ್ವಿಚಾರಕಿಯಂತೆ ಕುಳಿತರು. ಮರುದಿನ ಒಂದು ಚೆಂಡು ಎದ್ದಿತು. ಅದರ ಮರುದಿನ ಜ್ವರ ಇಳಿಯಿತು. ದಿವ್ಯಾ ಬಂದು ಬೆನ್ನಿಗೆ ಕಿವಿಗೊಟ್ಟು, "ಗಾಳಿ ಹೋಗ್ತಿದೆ ಸಾರ್, ಅಡ್ಮಿಟ್ ಬೇಡ," ಎಂದರು.

ಸಂಜೆ ಚನಬಸಪ್ಪ ಕೈಕಾಲು ತೊಳೆದು ಬಂದು ಡಬ್ಬಿಗೆ ಕೈ ಚಾಚಿದ.

"ಮುಟ್ಬ್ಯಾಡ! ಇದು ನನ್ ಕೆಲ್ಸ. ನೀನು ಸುಮ್ನೆ ಎಣ್ಸು."

"ಎರಡ ಎದ್ವು ನೋಡ್ರಿ. ಮೂರನೇದು ಅಲ್ಲೇ ಕುಂತೈತ್ರೀ ಮಾಲಕ್ರ."

"ಕುಂತ್ಕಳ್ಳಿ ಬುಡು," ಎಂದು ಅವರು ಮತ್ತೆ ಕೊಳವೆಯನ್ನು ಬಾಯಿಗಿಟ್ಟುಕೊಂಡರು.