ಪಾಚಿ ಹೆರೆಯುವವನ ಅಂಗಡಿಯಲ್ಲಿ ಕಿನುಯೊ

ಅರವತ್ತಾರು ವರ್ಷದ ಕಿನುಯೊ ಹುಟ್ಟಿದ್ದು, ಮದುವೆಯಾದದ್ದು, ಗಂಡನನ್ನು ಕಳೆದುಕೊಂಡದ್ದು ಎಲ್ಲವೂ ಜಪಾನಿನ ಉತ್ತರದಲ್ಲಿ, ಹಾಕೊದಾತೆಯ ಆಚೆಗಿನ ಒಂದೇ ಕಡಲತೀರದಲ್ಲಿ. ಆಳೆತ್ತರಕ್ಕಿಂತ ಉದ್ದ ಬೆಳೆಯುವ, ಅಡುಗೆಗೆ ಬಳಸುವ ಕಡಲಪಾಚಿಯನ್ನು ಬೇಸಿಗೆಯಲ್ಲಿ ಕೊಯ್ದು, ಒಣಗಿಸಿ, ಅಂಚು ಕತ್ತರಿಸಿ ಕಟ್ಟು ಕಟ್ಟುವುದು ಅಲ್ಲಿಯವರ ಕೆಲಸ. ಕಟ್ಟುಗಳು ಹೋಗುವುದು ಓಸಾಕಾಕ್ಕೆ. ನಲವತ್ತು ವರ್ಷ ಕಟ್ಟು ಕಟ್ಟಿದ ಕಿನುಯೊ ಮಾತ್ರ ಓಸಾಕಾ ನೋಡಿರಲಿಲ್ಲ. ಮುಂದಿನ ಚಳಿಗಾಲಕ್ಕೆ ಹೋಗೋಣ ಎಂದು ಪ್ರತಿ ವರ್ಷ ಹೇಳುತ್ತಿದ್ದ ಗಂಡ ತೊಕುಜಿ ಒಂದು ದಿನ ಎದೆನೋವೆಂದು ಮಲಗಿದವನು ಏಳಲೇ ಇಲ್ಲ. ಅದಾಗಿ ಮೂರು ವರ್ಷಕ್ಕೆ, ಫೆಬ್ರವರಿಯಲ್ಲಿ, ನಾದಿನಿ ತೊಮೊಎ ಹಟ ಹಿಡಿದು ಅತ್ತಿಗೆಯನ್ನು ಓಸಾಕಾಕ್ಕೆ ಹೊರಡಿಸಿದಳು.

ತೊಮೊಎಯ ಬಳಿ ಉದ್ದನೆಯ ಪಟ್ಟಿಯಿತ್ತು: ಮೊಮ್ಮಕ್ಕಳಿಗೆ ಕಾಲುಚೀಲ, ತನಗೊಂದು ಅಡುಗೆಚಾಕು, ನೆರೆಯವರಿಗೆ ಸಿಹಿ. ಎರಡು ದಿನ ಅವಳು ಮುಂದೆ, ಕಿನುಯೊ ಹಿಂದೆ. ದೇವಸ್ಥಾನದ ಕೊಳದಲ್ಲಿ ಬಿಸಿಲು ಕಾಯುತ್ತಿದ್ದ ಆಮೆಗಳನ್ನು ನೋಡಿದರು. ಕಾಲುವೆಯ ಮೇಲಿನ ಸೇತುವೆಯಲ್ಲಿ ನಿಂತು, ನೀರಲ್ಲಿ ಬಣ್ಣದ ದೀಪಗಳು ಉದ್ದಕ್ಕೆ ಚಾಚಿಕೊಂಡು ಅಲುಗಾಡುವುದನ್ನು ಕಿನುಯೊ ಮೈಮರೆತು ನೋಡಿದಳು. ಜನ ಅವಳ ಎರಡೂ ಪಕ್ಕದಿಂದ ಹರಿದುಹೋಗುತ್ತಿದ್ದರು. ಎಚ್ಚರವಿದ್ದೂ ನಿದ್ದೆಯಲ್ಲಿ ನಡೆಯುತ್ತಿರುವ ಹಾಗೆ ಅವಳಿಗೆ ಅನಿಸುತ್ತಿತ್ತು. ಕೊಂಡದ್ದು ಮಾತ್ರ ಏನೂ ಇಲ್ಲ.

ಮೂರನೆಯ ದಿನ ಓಸಾಕಾದ ಹಳೆಯ ಕೋಟೆ ನೋಡಬೇಕೆಂದಿತ್ತು. ಅದಕ್ಕೆ ಮುಂಚೆ, ನಡೆದಷ್ಟೂ ಮುಗಿಯದ ಸೂರಿನ ಕೆಳಗಿನ ಅಂಗಡಿಬೀದಿಯೊಂದಕ್ಕೆ ಹೊಕ್ಕರು. ಹುರಿದ ಚಹಾದ ವಾಸನೆ, ಎಣ್ಣೆಯ ವಾಸನೆ, ಅವುಗಳ ನಡುವೆ ಇದ್ದಕ್ಕಿದ್ದಂತೆ ಹುಳಿ ಬೆರೆತ ಕಡಲ ವಾಸನೆ. ಕಿನುಯೊಳ ಕಾಲು ತಾನಾಗಿ ನಿಂತಿತು.

ಪಾಚಿಯ ಅಂಗಡಿ. ಎಪ್ಪತ್ತು ದಾಟಿದ ಯಜಮಾನ, ಹೆಸರು ಕುಸುಮೊತೊ, ಮುಂಭಾಗದಲ್ಲೇ ಚಕ್ಕಳಮಕ್ಕಳ ಹಾಕಿ ಕುಳಿತಿದ್ದ. ವಿನೆಗರಿನಲ್ಲಿ ಮೆದುವಾದ ಪಾಚಿಯ ಒಂದು ತುದಿಯನ್ನು ಪಾದದಡಿ ಒತ್ತಿ, ಇನ್ನೊಂದನ್ನು ಎಡಗೈಯಲ್ಲಿ ಬಿಗಿಹಿಡಿದು, ಚಾಕುವಿನಿಂದ ಹೆರೆಯುತ್ತಿದ್ದ. ಉಸಿರು ಬಿಟ್ಟರೆ ಹಾರುವಷ್ಟು ತೆಳು ಪದರಗಳು ಒಂದರ ಮೇಲೊಂದು ಬೀಳುತ್ತಿದ್ದವು. ಅವನು ಒಂದನ್ನು ಎತ್ತಿ ಕೊಟ್ಟ. ನಾಲಗೆಯ ಮೇಲೆ ಅದು ಕರಗಿತು.

"ಇದು ನಮ್ಮೂರಿಂದಲ್ಲ. ನಮ್ಮ ತೀರದ ಭೂಶಿರ ದಾಟಿದ್ರೆ ಸಿಗೋ ಊರಿಂದು," ಎಂದಳು ಕಿನುಯೊ.

ಚಾಕು ನಿಂತಿತು. ಅವನು ಕಟ್ಟಿನ ಚೀಟಿ ತಿರುಗಿಸಿ ನೋಡಿದ, ಅವಳನ್ನು ನೋಡಿದ. ಊರು ಯಾವುದೆಂದು ಕೇಳಿ, ಸ್ಟೂಲು ಎಳೆದು ಕೂರಿಸಿದ. ತಾನು ಹದಿನೆಂಟಕ್ಕೆ ಚಾಕು ಹಿಡಿದವನು, ಅಂಗಡಿ ಬಿಟ್ಟು ಉತ್ತರಕ್ಕೆ ಹೋಗುವುದು ಆಗಲೇ ಇಲ್ಲ ಎಂದ.

"ಅಮ್ಮಾವ್ರೇ, ಒಂದು ಕೇಳ್ತೀನಿ, ನಗಬಾರ್ದು. ನೀರೊಳಗೆ ಇದು ಹೇಗಿರುತ್ತೆ?"

ಕಿನುಯೊ ಮಾತು ಕಡಿಮೆಯ ಹೆಂಗಸು. ಆದರೂ ಹೇಳತೊಡಗಿದಳು. ಬೆಳಗಿನ ಜಾವ ದೋಣಿಗಳು ಹೊರಡುವುದು; ಗಾಜಿನ ತಳದ ಪೆಟ್ಟಿಗೆಯನ್ನು ನೀರಿಗೆ ಒತ್ತಿ ಇಣುಕಿದರೆ ಕೆಳಗೆ ಇಡೀ ಕಾಡು ಒಂದೇ ಕಡೆಗೆ ಬಾಗಿ, ಮತ್ತೆ ನಿಧಾನವಾಗಿ ಈ ಕಡೆಗೆ ಬಾಗುವುದು; ಬಿಸಿಲು ಇಳಿದಾಗ ಎಲೆಗಳು ಜೇನಿನ ಬಣ್ಣಕ್ಕೆ ತಿರುಗುವುದು. ತೊಕುಜಿ ಉದ್ದನೆಯ ಕೋಲಿಗೆ ಪಾಚಿ ಸುತ್ತಿ ತಿರುಚಿ ಎಳೆಯುವಾಗ ಬಾಯಲ್ಲೇ ಏನೋ ಗುನುಗುತ್ತಿದ್ದ. ಏನೆಂದು ಕೇಳಿದರೆ ಪಾಚಿ ಹತ್ರ ಕ್ಷಮೆ ಕೇಳ್ತಿದೀನಿ ಎನ್ನುತ್ತಿದ್ದ. ಸಾಮಾನು ಕೊಳ್ಳಲು ಬಂದಿದ್ದ ಇಬ್ಬರು ಹೆಂಗಸರು ಚೀಲ ಕೆಳಗಿಟ್ಟು ತೊಮೊಎಯ ಪಕ್ಕದಲ್ಲೇ ಕೇಳುತ್ತ ನಿಂತರು. ಕುಸುಮೊತೊ ಕಣ್ಣು ಮುಚ್ಚಿದ್ದ.

ಹೊರಡುವಾಗ ಅವಳು ಹೆರೆದ ಪಾಚಿಯ ಒಂದು ಪೊಟ್ಟಣ ತೆಗೆದುಕೊಂಡಳು. ಅವನು ದುಡ್ಡು ಬೇಡವೆಂದ; ಅವಳು ಕೊಟ್ಟೇ ಬಂದಳು.

"ಮನೇಲಿ ಅಟ್ಟದ ತುಂಬ ಬಿದ್ದಿದೆ. ಇಲ್ಲಿಗೆ ಬಂದು ಪಾಚಿ ತಗೊಂಡ್ರಲ್ಲ ಅತ್ತಿಗೆ," ಎಂದು ತೊಮೊಎ ರೇಗಿಸಿದಳು.

ಕೋಟೆ ತಲುಪುವ ಹೊತ್ತಿಗೆ ಬಾಗಿಲು ಹಾಕಿಯಾಗಿತ್ತು. ಕಂದಕದ ಈಚೆ ಬೆಂಚಿನ ಮೇಲೆ ಕುಳಿತರು. ಆಚೆ ಸಂಜೆಯ ಮಬ್ಬಿನಲ್ಲಿ ಬಿಳಿ ಗೋಡೆ, ಹಸಿರು ಮಾಡು ನೆಲ ಬಿಟ್ಟು ತೇಲುವಂತೆ ಕಂಡವು. ತೊಮೊಎ ಅತ್ತಿಗೆಯ ಕಡೆಗೆ ತಿರುಗಿದಳು.

"ಅಣ್ಣ ಗುನುಗ್ತಿದ್ದದ್ದು ನನಗೇ ಗೊತ್ತಿರ್ಲಿಲ್ಲ. ಮೂರು ವರ್ಷದಿಂದ ಅವನ ಹೆಸ್ರೇ ಎತ್ತಲಿಲ್ಲ ನೀವು."

"ಊರಲ್ಲಿ ಯಾರಿಗೆ ಹೇಳ್ಲಿ? ಎಲ್ರೂ ಸಮುದ್ರ ನೋಡಿದೋರೇ. ಯಾರೂ ಕೇಳಲ್ಲ."

ತೊಮೊಎ ಅವಳ ಕೈಯನ್ನು ತನ್ನ ಕೋಟಿನ ಜೇಬಿನೊಳಕ್ಕೆ ಎಳೆದುಕೊಂಡಳು.

ಆ ಮೇಲಿನ ಚಳಿಗಾಲಗಳಲ್ಲಿ ಕಿನುಯೊ ಒಬ್ಬಳೇ ಓಸಾಕಾಕ್ಕೆ ಹೋದಳು. ಒಂದು ಮಧ್ಯಾಹ್ನ ಆ ಸ್ಟೂಲಿನ ಮೇಲೆ ಕುಳಿತು ಮಾತಾಡುವುದು, ಉಳಿದ ಹೊತ್ತು ಸುಮ್ಮನೆ ಬೀದಿ ಸುತ್ತುವುದು. ಕೋಟೆಯ ಒಳಗೆ ಏನಿದೆ ಎಂದು ಊರವರು ವಿಚಾರಿಸಿದರೆ, ಈ ಸಲವೂ ಹೋಗಲಾಗಲಿಲ್ಲ ಎಂದು ನಗುತ್ತಾಳೆ.