ಗೇಟಿನಜ್ಜ ಕೇಳಿದ ಮಾರ್ಗ

ಶಾಸನ, ವೀರಗಲ್ಲುಗಳನ್ನು ಹುಡುಕಿ ಅಲೆದ ಕ್ಷೇತ್ರಕಾರ್ಯದ ಹಳೆಯ ಟಿಪ್ಪಣಿ ಪುಸ್ತಕಗಳನ್ನು ಕಳೆದ ತಿಂಗಳು ಮತ್ತೆ ಹೊಲಿಸಿ ರಟ್ಟು ಹಾಕಿಸಿದೆ. ಮನೆಗೆ ತಂದು ಕಟ್ಟು ಬಿಚ್ಚಿದಾಗ ಮೈದಾ ಅಂಟಿನ ವಾಸನೆ ಬಂತು. ಹುಳು ಹಿಡಿಯದಿರಲೆಂದು ಮೈಲುತುತ್ತ ಬೆರೆಸಿ ಕುದಿಸಿದ ಅಂಟು. ಆ ವಾಸನೆಯನ್ನು ಬೆರಳುಗಳಲ್ಲಿ ಸದಾ ಹೊತ್ತಿದ್ದ ಒಬ್ಬರನ್ನು ನಾನು ಬಲ್ಲೆ. ಕೊಟ್ಟೂರಿನ ಒಂದು ಚಿತ್ರಮಂದಿರದಲ್ಲಿ ಬೆಳಿಗ್ಗೆ ಪೋಸ್ಟರ್ ಅಂಟಿಸಿ, ಮಧ್ಯಾಹ್ನದಿಂದ ಬಾಗಿಲಲ್ಲಿ ನಿಂತು ಟಿಕೆಟ್ ಹರಿಯುತ್ತಿದ್ದವರು ಅವರು. ಊರೆಲ್ಲ ಅವರನ್ನು ಗೇಟಿನಜ್ಜ ಎನ್ನುತ್ತಿತ್ತು...

ಅವರು ನನ್ನನ್ನು ಬಾಗಿಲಲ್ಲಿ ತಡೆದು ನಿಲ್ಲಿಸಿದ ಘಟನೆಯ ಕಾಲವನ್ನು ನಿರ್ಧರಿಸಲು ಯತ್ನಿಸಿದ್ದೇನೆ. ಹನ್ನೆರಡು ವರ್ಷದೊಳಗಿನ ಮಕ್ಕಳು ಪಾಲಕರ ಮಾರ್ಗದರ್ಶನದಲ್ಲಿ ನೋಡಬೇಕಾದ ‘ಯು/ಎ’ ಚಿತ್ರಗಳ ವರ್ಗ ಜಾರಿಗೆ ಬಂದದ್ದು ಎಂಬತ್ತರ ದಶಕದ ಆರಂಭದಲ್ಲಿ; ಘಟನೆ ಅದಕ್ಕಿಂತ ಹಿಂದಿನದಾಗಿರಲಾರದು. ಬೇಸಿಗೆ ರಜೆಯೆಂದು ನನ್ನ ನೆನಪು. ಆದರೆ ಆ ವಾರ ನಾನು ತುಂಗಭದ್ರೆಯ ದಂಡೆಯ ಮಾಗಳದಲ್ಲಿದ್ದು ಬಂದೆನೆಂದೂ ಹೊಳೆ ತುಂಬಿತ್ತೆಂದೂ ಟಿಪ್ಪಣಿ ಪುಸ್ತಕ ಹೇಳುತ್ತದೆ. ತುಂಗಭದ್ರೆ ಬೇಸಿಗೆಯಲ್ಲಿ ತುಂಬುವುದಿಲ್ಲ. ನೆನಪನ್ನೇ ತಿದ್ದಿಕೊಂಡಿದ್ದೇನೆ. ಅಣ್ಣನ ಮಗಳು ಆಗ ಐದನೆಯ ತರಗತಿ. ಅವಳ ಶಾಲಾ ದಾಖಲೆಯೊಡನೆ ಇದು ಹೊಂದುತ್ತದೆ.

ಅದಕ್ಕೆ ಎರಡು ವರ್ಷ ಹಿಂದೆ, ಹೊಲದ ಬದುವಿನ ಜಗಳದಲ್ಲಿ ನನ್ನ ಅಣ್ಣನನ್ನು ನಮ್ಮ ದಾಯಾದಿಯೊಬ್ಬ ಕೊಂದಿದ್ದ. ಸಾಕ್ಷಿ ಸಾಲದೆ ಬಿಡುಗಡೆಯಾಗಿ ಬಂದು, ನಮ್ಮ ಓಣಿಯಲ್ಲಿ, ನಮ್ಮ ಎದುರಿನ ಮನೆಯಲ್ಲೇ ಇದ್ದ. ಅವನ ಮಗಳೂ ನಮ್ಮ ಹುಡುಗಿಯೂ ಓರಗೆಯವರು. ಕೈ ಹಿಡಿದುಕೊಂಡು ಶಾಲೆಗೆ ಹೋಗುತ್ತಿದ್ದ ಆ ಇಬ್ಬರು ಈಗ ಬೇರೆ ಬೇರೆ ಓಣಿಗಳನ್ನು ಬಳಸಿಕೊಂಡು ಹೋಗುತ್ತಿದ್ದರು.

ಅಷ್ಟರಲ್ಲಿ ಊರಿಗೆ ಒಂದು ‘ಯು/ಎ’ ಚಿತ್ರ ಬಂತು. ತಂದೆಯನ್ನು ಕೊಂದ ಮನೆತನವನ್ನು ಮಕ್ಕಳು ಒಬ್ಬೊಬ್ಬರನ್ನಾಗಿ ಕೊಂದು ಮುಗಿಸುವ ಕಥೆ. ಹುಡುಗಿ ಅದನ್ನು ನೋಡಬೇಕೆಂದು ಒಂದು ವಾರ ಹಟ ಹಿಡಿದಳು. ಅತ್ತಿಗೆ ಬೇಡವೆಂದರು, ನಾನು ಕರೆದುಕೊಂಡು ಹೊರಟೆ. ನನಗೂ ನೋಡುವ ಆಸೆಯಿತ್ತು. ಆ ಆಸೆ ಎಂಥದೆಂದು ಆಗ ನನ್ನನ್ನು ನಾನು ಕೇಳಿಕೊಂಡಿರಲಿಲ್ಲ...

ಪೋಸ್ಟರಿನ ಮೂಲೆಯ ‘ಯು/ಎ’ ಅಕ್ಷರಗಳ ಅರ್ಥವನ್ನು ಗೇಟಿನಜ್ಜನಿಗೆ ಯಾರೋ ಬಿಡಿಸಿ ಹೇಳಿದ್ದರು. ಮಗು ಹಿರಿಯರೊಡನೆ ಬಂದರೆ ಸಾಕು ಎಂದಷ್ಟೇ ಉಳಿದ ಊರುಗಳ ಗೇಟಿನವರು ತಿಳಿದಿದ್ದರೆ, ಅಜ್ಜ ಮಾರ್ಗದರ್ಶನ ಎಂಬ ಮಾತನ್ನೇ ಹಿಡಿದುಕೊಂಡರು. ಮಾರ್ಗ ಯಾವುದೆಂದು ಪಾಲಕರು ಬಾಗಿಲಲ್ಲೇ ಹೇಳಬೇಕು, ಅದನ್ನು ಕೇಳಿಸಿಕೊಂಡು ಒಳಗೆ ಬಿಡುವುದು ತನ್ನ ಕೆಲಸ ಎಂದು ಅವರು ನಂಬಿದ್ದರು. ಕಾನೂನಿನ ದೃಷ್ಟಿಯಿಂದ ಇದು ಶುದ್ಧ ತಪ್ಪು. ಮಾಲೀಕರು ಎರಡು ಬಾರಿ ಗದರಿದ್ದರಂತೆ, ಅಜ್ಜ ಬಿಟ್ಟಿರಲಿಲ್ಲ.

ಮಧ್ಯಾಹ್ನದ ಆಟ. ನನ್ನ ಟಿಕೆಟ್ ಹರಿದರು. ಹುಡುಗಿಯದನ್ನು ಬೆರಳುಗಳ ನಡುವೆ ಹಿಡಿದೇ ನಿಂತರು.

“ಮೇಷ್ಟ್ರ, ಸಿನಿಮಾ ಮುಗದ ಮ್ಯಾಲೆ ಈ ಕೂಸು ‘ಕಾಕಾ, ನಾವು ಯಾವಾಗ?’ ಅಂತ ಕೇಳಿದ್ರ ಏನ್ ಹೇಳ್ತೀರಿ?”

ನಮ್ಮ ಮನೆಯ ಸಂಗತಿ ಊರಿಗೇ ಗೊತ್ತಿತ್ತು. ನನಗೆ ಮೈ ಉರಿಯಿತು. “ಅದು ನಿಮಗ್ಯಾಕ್ರಿ?” ಎಂದೆ.

“ನನಗ್ಯಾಕ? ಪೋಸ್ಟರ್ ಮ್ಯಾಲೆ ಐತಲ್ರಿ, ಮುಂಜಾನೆ ನಾನ ಹಚ್ಚೀನಿ. ಮಾರ್ಗ ತೋರ್ಸೋರಿಗೆ ಮೊದಲು ಮಾರ್ಗ ಗೊತ್ತಿರಬೇಕಲ್ರಿ?”

ಹಿಂದಿದ್ದವರು ಕೂಗಿದರು: “ಅಜ್ಜಾ, ಟಿಕೀಟ್ ಹರಿ! ಪ್ರವಚನ ಮಠದಾಗ ಕೇಳ್ತೀವಿ. ಹೀರೋ ಬರೋ ಹೊತ್ತಾತು!”

“ನಿಮ್ಮ ಹೀರೋ ಎಲ್ಲಿ ಓಡಿಹೋಗ್ತಾನಲೇ? ಮೂರು ತಾಸು ಅವನೂ ಇಲ್ಲೇ ಬಿದ್ದಿರಬೇಕು,” ಎಂದರು ಅಜ್ಜ. ಕಣ್ಣು ಮಾತ್ರ ನನ್ನ ಮೇಲೇ ಇತ್ತು.

ಆಗ ಹುಡುಗಿಯೇ ಹೇಳಿದಳು: “ಅಜ್ಜಾ, ನಾ ಏನೂ ಕೇಳಂಗಿಲ್ಲ. ಹೆಂಗ ಮಾಡ್ತಾರ ಅಂತ ನೋಡಾಕ ಬಂದೀನಿ.”

ಅಜ್ಜ ಬಾಗಿ ಅವಳ ಟಿಕೆಟನ್ನು ಹರಿಯದೆ ಅವಳ ಅಂಗೈಯಲ್ಲೇ ಇಟ್ಟರು. ನಾನು ಅವಳ ಭುಜ ಹಿಡಿದು ಹೊರಗೆ ನಡೆದೆ.

ಬಸ್ ನಿಲ್ದಾಣ ದಾಟಿದ ಮೇಲೆ ಅವಳು ಕೇಳಿದಳು: “ಕಾಕಾ, ಹಂಗಾರ ನಾವು ಯಾವಾಗ?” ಚಿತ್ರವನ್ನು ನೋಡದೆಯೇ ಕೇಳಿದಳು.

“ನಾವು ಮಾಡಂಗಿಲ್ಲವ್ವಾ.”

“ಯಾಕ?”

ಹೆದರಿಕೆಯೇ, ಕಾನೂನೇ, ಧರ್ಮವೇ... ಮೂರನ್ನೂ ಹೇಳಿ ನೋಡಿದೆ. ಮೂರಕ್ಕೂ ಅವಳು ತಲೆ ಅಲ್ಲಾಡಿಸಿದಳು. ಕೊನೆಗೆ, “ಆ ಮನ್ಯಾಗೂ ನಿನ್ನಂಗ ಒಂದು ಹುಡುಗಿ ಐತಲ್ಲವ್ವಾ,” ಎಂದೆ. ಅವಳು ನನ್ನ ಕೈ ಕೊಡವಿ ಮುಂದೆ ಮುಂದೆ ನಡೆದಳು.

ಎರಡು ದಿನದ ನಂತರ ನಾನೊಬ್ಬನೇ ಹೋಗಿ ಆ ಚಿತ್ರವನ್ನು ಪೂರ್ತಿ ನೋಡಿದೆ. ಹೊರಬರುವಾಗ ಅಜ್ಜ ಮೆಲ್ಲಗೆ ಕೇಳಿದರು, “ಮಾರ್ಗ ಸಿಕ್ತೇನ್ರಿ?” ಇಲ್ಲವೆಂದೆ. “ಹಂಗಾರ ಕೂಸಿಗೆ ಇನ್ನೂ ಬ್ಯಾಡ ಬಿಡ್ರಿ,” ಎಂದು ಮುಂದಿನ ಆಟದ ಸಾಲಿನತ್ತ ತಿರುಗಿದರು. ಮುಂದಿನ ವಾರ ಚಿತ್ರ ಊರು ಬಿಟ್ಟಿತು.

ಈ ಸೀಮೆಯಲ್ಲಿ ನಾನು ಓದಿದ ವೀರಗಲ್ಲುಗಳು ಅನೇಕ. ಸತ್ತವನ ಹೆಸರು, ಕಲ್ಲು ನಿಲ್ಲಿಸಿದವರ ಹೆಸರು, ಒಮ್ಮೊಮ್ಮೆ ತಿಥಿ ವಾರ ಸಂವತ್ಸರ, ಎಲ್ಲವೂ ಸಿಗುತ್ತವೆ. ಸತ್ತವನ ಹಿಂದೆ ಉಳಿದ ಮಕ್ಕಳಿಗೆ ಮನೆಯವರು ಅಂದು ಏನು ಹೇಳಿದರೆಂಬುದು ನಾನು ಓದಿದ ಯಾವ ಕಲ್ಲಿನಲ್ಲೂ ಇರಲಿಲ್ಲ. ಗೇಟಿನಜ್ಜ ಕೇಳುವವರೆಗೆ ಅದು ಕೇಳಬೇಕಾದ ಪ್ರಶ್ನೆಯೆಂದು ನನಗೂ ಹೊಳೆದಿರಲಿಲ್ಲ.

ಈ ತಿಂಗಳ ಮೊದಲಲ್ಲಿ ಆ ದಾಯಾದಿ ತೀರಿಕೊಂಡ. ಅಣ್ಣನ ಮಗಳು ಹಗರಿಬೊಮ್ಮನಹಳ್ಳಿಯಲ್ಲಿ ಶಿಕ್ಷಕಿ. ಯಾರೂ ಕರೆಯದಿದ್ದರೂ ಬಂದಳು. ಹೆಣವನ್ನು ಅವಳು ನೋಡಲಿಲ್ಲ. ನೇರ ಒಳಗೆ ಹೋಗಿ, ಗೋಡೆಗೆ ಒರಗಿ ಕೂತಿದ್ದ ಅವನ ಮಗಳ ಪಕ್ಕದಲ್ಲಿ ಕೂತಳು. ಇಬ್ಬರ ತಲೆಯೂ ಈಗ ಬೆಳ್ಳಗಾಗುತ್ತಿದೆ. ಬಹಳ ಹೊತ್ತಾದ ಮೇಲೆ ಹೊರಗೆ ಬಂದು ಚಪ್ಪಲಿ ಹುಡುಕುತ್ತ ನನಗೆ ಹೇಳಿದಳು:

“ಸಿಟ್ಟು ಹೋಗಿಲ್ಲ ಕಾಕಾ. ಹೋಗಂಗೂ ಇಲ್ಲ. ಆದ್ರ ಅಕಿ ನನ್ನ ಕೈ ಹಿಡಕೊಂಡ್ಲು. ನಾ ಬಿಡಿಸ್ಕೊಳ್ಳಲಿಲ್ಲ.”

ಇದನ್ನು ಗೇಟಿನಜ್ಜನಿಗೆ ಹೇಳಬೇಕೆನಿಸಿತು. ಆದರೆ ಎಷ್ಟೋ ವರ್ಷಗಳ ಹಿಂದೆ, ನಾನು ಬೇರೆ ಊರಿನ ಕೆಲಸದಲ್ಲಿದ್ದಾಗಲೇ ಅವರು ತೀರಿಕೊಂಡಿದ್ದರು. ಸುದ್ದಿ ನನಗೆ ತಲುಪಿದ್ದೇ ತಡವಾಗಿ. ಚಿತ್ರಮಂದಿರವಿದ್ದ ಜಾಗದಲ್ಲಿ ಈಗ ಟ್ರ್ಯಾಕ್ಟರ್ ಬಿಡಿಭಾಗಗಳ ಅಂಗಡಿಯಿದೆ. ಅಂದು ಸಂಜೆ ಅದರ ಮುಂದೆ ಸ್ವಲ್ಪ ಹೊತ್ತು ನಿಂತಿದ್ದೆ. ಏನು ಬೇಕೆಂದು ಅಂಗಡಿಯವರು ಕೇಳಿದರು... ಏನಿಲ್ಲವೆಂದು ಹೇಳಿ ಬಂದೆ.